ಹಳೆಯ ಕಾರಿನ ಇಂಧನ ಇಂಜೆಕ್ಷನ್: ದುರಸ್ತಿಯ ನಂತರದ ತಪಾಸಣೆ

ಗೋದಾಮಿಗೆ ಬಂದ ಸರಕನ್ನು ತೂಗಿ, ಎಣಿಸಿ ನೋಡದೆ ಯಾವ ವರ್ತಕನೂ ರಸೀದಿಗೆ ಸಹಿ ಹಾಕುವುದಿಲ್ಲ. ಗ್ಯಾರೇಜಿನಿಂದ ಮರಳಿದ ಕಾರಿನ ವಿಷಯದಲ್ಲಿ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ. ಎಂಜಿನ್ ಚಾಲನೆಗೊಂಡರೆ ಕೆಲಸ ಮುಗಿಯಿತೆಂದು ಭಾವಿಸಿ ಹಣ ಪಾವತಿಸುವುದು ರೂಢಿ. ಇಂಧನ ಇಂಜೆಕ್ಷನ್ ಅಳವಡಿಸಿದ ಹಳೆಯ ಕಾರುಗಳಲ್ಲಿ ಈ ರೂಢಿ ಅಪಾಯಕಾರಿಯಾದುದು.

ಜರ್ಮನಿಯ ಬಾಷ್ ಸಂಸ್ಥೆಯು 1973ರಲ್ಲಿ ಬಳಕೆಗೆ ತಂದ ಕೆ-ಜೆಟ್ರಾನಿಕ್ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪೋರ್ಷೆ 911, ಮರ್ಸಿಡಿಸ್ 280ಇ, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲಾದ ಕಾರುಗಳಲ್ಲಿ ಇದನ್ನು ಅಳವಡಿಸಲಾಗಿತ್ತು. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯು ಒಂದು ತಟ್ಟೆಯನ್ನು ಸರಿಸುತ್ತದೆ. ಆ ತಟ್ಟೆಯು ಸನ್ನೆಯ ಮೂಲಕ ಇಂಧನ ವಿತರಕದ ಪ್ಲಂಜರನ್ನು ಎತ್ತುತ್ತದೆ. ಅದಕ್ಕೆ ತಕ್ಕ ಪೆಟ್ರೋಲು ಎಲ್ಲ ಇಂಜೆಕ್ಟರುಗಳಿಗೂ ನಿರಂತರವಾಗಿ ಹರಿಯುತ್ತದೆ. ಇಲ್ಲಿ ಇಂಧನದ ಒತ್ತಡ ಸುಮಾರು 5 ಬಾರ್, ಅಂದರೆ ಕಾರಿನ ಟೈರಿನಲ್ಲಿರುವ ಒತ್ತಡದ ಎರಡು ಪಟ್ಟಿಗೂ ಹೆಚ್ಚು. ಕಾರ್ಬ್ಯುರೇಟರ್ ಕಾರಿನಲ್ಲಿ ಜಿನುಗುವ ಪೆಟ್ರೋಲು ಇಲ್ಲಿ ಚಿಮ್ಮುತ್ತದೆ. ಬಿಸಿಯಾದ ಎಗ್ಸಾಸ್ಟ್ ಕೊಳವೆಗೆ ಅದು ತಗುಲಿದರೆ ಕಾರೇ ಹೊತ್ತಿಕೊಳ್ಳಬಹುದು.

ಆದುದರಿಂದ ಹಣ ಪಾವತಿಸುವ ಮುನ್ನ, ಮೆಕ್ಯಾನಿಕ್‌ನ ಸಮಕ್ಷಮದಲ್ಲಿ, ಈ ಕೆಳಗಿನ ಕ್ರಮದಲ್ಲಿ ತಪಾಸಣೆ ನಡೆಸತಕ್ಕದ್ದು.

1. ಬಿಡಿಭಾಗಗಳ ಗುರುತು: ಕಳಚಿದ ಹಳೆಯ ಭಾಗಗಳನ್ನು ಕೇಳಿ ಪಡೆದು, ಹೊಸದರ ಸಂಖ್ಯೆಯೊಡನೆ ಹೋಲಿಸಬೇಕು. ವಾರ್ಮ್-ಅಪ್ ರೆಗ್ಯುಲೇಟರಿನ ಸಂಖ್ಯೆ 0 438 140 ಎಂದು ಆರಂಭವಾಗುತ್ತದೆ. ಕೊನೆಯ ಮೂರು ಅಂಕಿಗಳು ಮಾದರಿಯನ್ನು ಸೂಚಿಸುತ್ತವೆ. ಮೇಲ್ನೋಟಕ್ಕೆ ಒಂದೇ ಆಗಿರುವ ಎರಡು ರೆಗ್ಯುಲೇಟರುಗಳು ಬೇರೆ ಬೇರೆ ಒತ್ತಡ ನೀಡಬಹುದು.

2. ಸೋರಿಕೆ: ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಅಗ್ನಿಶಾಮಕವನ್ನು ಹತ್ತಿರವಿಟ್ಟುಕೊಂಡು, ಪಂಪನ್ನು ಮಾತ್ರ ಚಾಲನೆ ಮಾಡಿಸಬೇಕು. ಪ್ರತಿ ಜೋಡಣೆಯನ್ನೂ ಒರೆಸಿ, ಮತ್ತೆ ಒದ್ದೆಯಾಗುವುದೇ ಎಂದು ನೋಡಬೇಕು. ತಾಮ್ರದ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಹೊಸದನ್ನೇ ಹಾಕಬೇಕು. ಪಂಪು ನಡೆಯುತ್ತಿರುವಾಗ ಗಾಳಿಯ ತಟ್ಟೆಯನ್ನು ಮುಟ್ಟಬಾರದು. ಮುಟ್ಟಿದರೆ ಎಂಜಿನ್‌ಗೆ ಪೆಟ್ರೋಲು ತುಂಬಿಕೊಳ್ಳುತ್ತದೆ.

3. ಒತ್ತಡ: ವಿತರಕ ಮತ್ತು ರೆಗ್ಯುಲೇಟರಿನ ನಡುವೆ ಮಾಪಕವನ್ನು ಜೋಡಿಸಿ ಅಳೆಯಬೇಕು. ವ್ಯವಸ್ಥೆಯ ಒತ್ತಡ ಸಾಮಾನ್ಯವಾಗಿ 4.5ರಿಂದ 5.5 ಬಾರ್, ಎಂಜಿನ್ ಬಿಸಿಯಾದ ಮೇಲೆ ನಿಯಂತ್ರಣ ಒತ್ತಡ ಸುಮಾರು 3.5 ಬಾರ್. ಆಯಾ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ. ಎಂಜಿನ್ ನಿಲ್ಲಿಸಿದ ನಂತರವೂ ಒತ್ತಡ ಸ್ವಲ್ಪ ಕಾಲ ಉಳಿಯಬೇಕು. ಬೇಗನೆ ಇಳಿದರೆ ಬಿಸಿ ಎಂಜಿನ್ ಮತ್ತೆ ಚಾಲನೆಗೊಳ್ಳಲು ತೊಡಕಾಗುತ್ತದೆ. ಆಗ ಇಂಧನ ಅಕ್ಯುಮುಲೇಟರ್, ಪಂಪಿನ ಚೆಕ್ ವಾಲ್ವ್‌ಗಳನ್ನು ಪರೀಕ್ಷಿಸಬೇಕು.

4. ಗಾಳಿಯ ಸೋರಿಕೆ: ಎಂಜಿನ್ ನಿಧಾನಗತಿಯಲ್ಲಿರುವಾಗ ಆಯಿಲ್ ಮುಚ್ಚಳವನ್ನು ತೆಗೆದರೆ, ಬಹುತೇಕ ಮಾದರಿಗಳಲ್ಲಿ ಎಂಜಿನ್ ತಡವರಿಸಬೇಕು. ವ್ಯತ್ಯಾಸವೇ ಕಾಣದಿದ್ದರೆ ಬೇರೆಲ್ಲಿಂದಲೋ ಗಾಳಿ ನುಗ್ಗುತ್ತಿರಬಹುದು. ಇಂಜೆಕ್ಟರುಗಳ ರಬ್ಬರ್ ಉಂಗುರಗಳನ್ನು ಮೊದಲು ನೋಡಬೇಕು.

5. ಮಿಶ್ರಣದ ತಿರುಪು: ಇದನ್ನು ಕೊನೆಗೆ ಮುಟ್ಟತಕ್ಕದ್ದು. ಒತ್ತಡ ಅಳೆಯದೆ ತಿರುಪನ್ನು ತಿರುಗಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

ರಬ್ಬರ್ ಭಾಗಗಳನ್ನು ತಯಾರಿಸುವ ಮತ್ತು ಮಾರುವ ನಮ್ಮ ಸದಸ್ಯರು ಇನ್ನೊಂದು ಅಂಶವನ್ನು ಗಮನಿಸಬೇಕು. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ನಾಲ್ಕೈದು ದಶಕಗಳ ಹಿಂದಿನ ರಬ್ಬರ್ ಈ ಇಂಧನಕ್ಕಾಗಿ ರೂಪುಗೊಂಡದ್ದಲ್ಲ. ಉಬ್ಬುವ, ಬಿರಿಯುವ ಸಂಭವವಿದೆ. ಕಾರ್ಬ್ಯುರೇಟರ್ ಕಾರಿನ ಅಗ್ಗದ ಮೆದುಗೊಳವೆಯನ್ನು ಇಲ್ಲಿ ಬಳಸುವಂತಿಲ್ಲ. ಇಂಜೆಕ್ಷನ್ ಒತ್ತಡಕ್ಕೂ ಎಥೆನಾಲಿಗೂ ತಾಳುವ, ಫ್ಲೋರೋ ರಬ್ಬರಿನ ಒಳಪದರವುಳ್ಳ ಕೊಳವೆಯೇ ಬೇಕು. ಯಾವ ಮಾನಕದ ಕೊಳವೆ ಎಂಬುದನ್ನು ಬಿಲ್ಲಿನಲ್ಲಿ ನಮೂದಿಸುವುದು ಮಾರಾಟಗಾರನಿಗೂ ರಕ್ಷಣೆ.

ಕೊನೆಯದಾಗಿ, ಬಿಡಿಭಾಗಗಳ ಸಂಖ್ಯೆ, ಒತ್ತಡದ ಅಂಕಿಗಳು ಮತ್ತು ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಮುಂದೆ ತಕರಾರು ಬಂದಲ್ಲಿ ಮಾಲೀಕನ ನೆನಪೂ ಮೆಕ್ಯಾನಿಕ್‌ನ ಮಾತೂ ಸಾಕ್ಷಿಯಾಗಲಾರವು. ಆ ಹಾಳೆಯಲ್ಲಿನ ಅಂಕಿಗಳು ಆಗುತ್ತವೆ. ಪ್ರಾಮಾಣಿಕವಾಗಿ ದುಡಿಯುವ ಮೆಕ್ಯಾನಿಕ್ ಇದನ್ನು ಅನುಮಾನವೆಂದು ಭಾವಿಸಬೇಕಾಗಿಲ್ಲ. ತನ್ನ ಕೆಲಸಕ್ಕೆ ದೊರೆತ ಪ್ರಮಾಣಪತ್ರವೆಂದೇ ತಿಳಿಯಬಹುದು.