ಎರಡು ಡೊಮೇನ್‌ನ ಮೇಲ್‌ಗೆ ಒಂದೇ ಹೋಸ್ಟಿಂಗ್ ಸಾಕು

ಶಿಕಾರಿಪುರದಲ್ಲಿ ಅಡಿಕೆ ಮಂಡಿ, ಸೊರಬದಲ್ಲಿ ಗುಡಿಗಾರರ ಗಂಧದ ಕೆತ್ತನೆ ಮಾರುವ ಮಳಿಗೆ. ಎರಡೂ ಒಂದೇ ಮನೆಯವರದು ಎಂದುಕೊಳ್ಳಿ. ಅಡಿಕೆ ದರ ಕೇಳುವವರೇ ಬೇರೆ, ಗಣಪತಿ ವಿಗ್ರಹಕ್ಕೆ ಆರ್ಡರ್ ಕೊಡುವವರೇ ಬೇರೆ. ಹಾಗಾಗಿ ಡೊಮೇನ್ ಹೆಸರು ಎರಡಿರಲಿ. ಹೋಸ್ಟಿಂಗ್ ಮಾತ್ರ ಎರಡು ಕೊಳ್ಳಬೇಕಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಇನ್ನೊಂದು ಡೊಮೇನ್ ಸೇರಿಸಲು ಅವಕಾಶವಿದೆಯೇ ಎಂದು ಮೊದಲು ನೋಡಿಕೊಳ್ಳಿ; ತೀರಾ ಅಗ್ಗದ ಪ್ಲಾನ್‌ಗಳಲ್ಲಿ ಅದು ಇರುವುದಿಲ್ಲ.

ಹೋಸ್ಟಿಂಗ್‌ನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ಗೆ ಲಾಗಿನ್ ಆಗಿ 'ಡೊಮೇನ್ಸ್' ವಿಭಾಗದಲ್ಲಿ ಎರಡನೇ ಹೆಸರು ಸೇರಿಸಿ. ಬಳಿಕ ಡೊಮೇನ್ ಕೊಂಡ ಕಡೆ ಹೋಗಿ, ಹೋಸ್ಟಿಂಗ್‌ನವರು ಕೊಟ್ಟ ನೇಮ್‌ಸರ್ವರ್ ಹಾಕಿ. ಅದು ಎಲ್ಲೆಡೆ ಜಾರಿಯಾಗಲು 48 ಗಂಟೆವರೆಗೂ ಹಿಡಿಯಬಹುದು, ಗಾಬರಿ ಬೇಡ.

'ಇಮೇಲ್ ಅಕೌಂಟ್ಸ್'ನಲ್ಲಿ ಡೊಮೇನ್ ಆರಿಸಿ ವಿಳಾಸ ತೆರೆಯಿರಿ. ಎರಡೂ ಕಡೆ 'ಇನ್ಫೊ' ಎಂದೇ ಹೆಸರಿಟ್ಟರೂ ಅವು ಬೇರೆ ಬೇರೆ ಖಾತೆಗಳೇ. ಆದ್ದರಿಂದ ಫೋನಿನಲ್ಲಿ ಯೂಸರ್‌ನೇಮ್ ಕೇಳಿದಾಗ ಪೂರ್ತಿ ವಿಳಾಸ ಹಾಕಬೇಕು. ಬರುವ ಮೇಲ್‌ಗೆ ಐಮ್ಯಾಪ್, ಪೋರ್ಟ್ 993. ಹೋಗುವುದಕ್ಕೆ ಎಸ್‌ಎಂಟಿಪಿ, ಪೋರ್ಟ್ 465. ಪಾಪ್ ಬೇಡವೇ ಬೇಡ: ಮಂಡಿಯ ಕಂಪ್ಯೂಟರ್ ಇಳಿಸಿಕೊಂಡ ಮೇಲ್ ಮಾಲೀಕರ ಫೋನಿಗೆ ಸಿಗದೇ ಹೋಗಬಹುದು.

ಹೆಚ್ಚಿನವರು ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಕೊಟೇಶನ್ ಗಿರಾಕಿಯ ಸ್ಪ್ಯಾಮ್‌ಗೆ ಬಿತ್ತೆಂದು ಗೋಳು. 2024ರ ಫೆಬ್ರವರಿಯಿಂದ ಜಿಮೇಲ್, ತನಗೆ ಮೇಲ್ ಕಳಿಸುವ ಡೊಮೇನ್‌ಗೆ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು ಎನ್ನುತ್ತಿದೆ. ದಿನಕ್ಕೆ 5,000 ಮೇಲ್ ಕಳಿಸುವವರಾದರೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಕೂಡ. ಈ ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಸಾರುವುದು ಎಸ್‌ಪಿಎಫ್. ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕುವುದು ಡಿಕಿಮ್. ಈ ಪರೀಕ್ಷೆಗಳಲ್ಲಿ ಪಾಸಾಗದ ಮೇಲನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಮಂಡಿಯ ಡೊಮೇನ್‌ಗೆ ಮಾಡಿದ್ದು ಮಳಿಗೆಯದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. 'ಇಮೇಲ್ ಡೆಲಿವರಬಿಲಿಟಿ' ಪುಟದಲ್ಲಿ ಎರಡೂ ಹೆಸರಿನ ಮುಂದೆ 'ವ್ಯಾಲಿಡ್' ಎಂದಿದೆಯೇ ನೋಡಿ. ಇಲ್ಲದಿದ್ದರೆ 'ರಿಪೇರ್' ಒತ್ತಿ. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಿದ್ದರೆ ಪರೀಕ್ಷೆಯೇ ವಿಫಲ.

ಮಳಿಗೆಯ ಮೇಲ್ ಮಾತ್ರ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದ್ದರೆ 'ಇಮೇಲ್ ರೂಟಿಂಗ್'ನಲ್ಲಿ ಅದಕ್ಕೆ 'ರಿಮೋಟ್' ಆರಿಸಿ. ಮರೆತರೆ ಶಿಕಾರಿಪುರದಿಂದ ಕಳಿಸಿದ ಮೇಲ್ ಹೋಸ್ಟಿಂಗ್ ಸರ್ವರ್ ದಾಟಿ ಸೊರಬ ಮುಟ್ಟುವುದಿಲ್ಲ, ಹೊರಗಿನವರ ಮೇಲ್ ಮಾತ್ರ ಸರಾಗವಾಗಿ ಬರುತ್ತಿರುತ್ತದೆ. ತಲೆಕೆಡಿಸುವ ದೋಷವಿದು.

ಡೊಮೇನ್‌ಗಳು ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿರದೆ ನಿಮ್ಮ ಹೆಸರಿನಲ್ಲೇ ಇರಲಿ. ನವೀಕರಣದ ನೋಟಿಸ್ ಬರುವ ವಿಳಾಸ ಅದೇ ಡೊಮೇನ್‌ನದ್ದಾಗಿರಬಾರದು. ಅವಧಿ ಮುಗಿದು ಡೊಮೇನ್ ನಿಂತರೆ ಆ ನೋಟಿಸೂ ನಿಮಗೆ ತಲುಪದು.