ಆಸ್ಪತ್ರೆಗೆ ಯಂತ್ರದಾನ: ಬೆಲೆಪಟ್ಟಿಯಾಚೆಗಿನ ಲೆಕ್ಕ

ಪೇಟೆಯಿಂದ ದೂರವಿರುವ ಧರ್ಮಾರ್ಥ ಆಸ್ಪತ್ರೆಗಳಿಗೆ ಉಪಕರಣಗಳನ್ನು ದಾನವಾಗಿ ನೀಡುವ ಪದ್ಧತಿ ವರ್ತಕರಲ್ಲೂ ಸಣ್ಣ ಉದ್ದಿಮೆದಾರರಲ್ಲೂ ಹಿಂದಿನಿಂದ ಬಂದಿದೆ. ಸೋಲಿಗರ ಸೇವೆಗಾಗಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂತಹ ಸಂಸ್ಥೆಗಳಿಗೆ ದಾನಿಗಳ ನೆರವು ಅಗತ್ಯ. ಆದರೆ ಯಂತ್ರ ತಲುಪಿದ ಮಾತ್ರಕ್ಕೆ ನೆರವು ತಲುಪಿದಂತಾಗದು. 16 ಅಭಿವೃದ್ಧಿಶೀಲ ದೇಶಗಳ 1,12,040 ವೈದ್ಯಕೀಯ ಉಪಕರಣಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಅವುಗಳಲ್ಲಿ ಶೇ. 38.3ರಷ್ಟು ಕೆಲಸ ಮಾಡುತ್ತಿರಲಿಲ್ಲ.

ಆದುದರಿಂದ ದಾನಕ್ಕೆ ಮುನ್ನ ಈ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

1. ಉಪಕರಣದ ಅಗತ್ಯವನ್ನು ಆಸ್ಪತ್ರೆಯೇ ಲಿಖಿತವಾಗಿ ತಿಳಿಸಿರಬೇಕು.

2. ವಿದ್ಯುತ್ ಏರಿಳಿತ ತಡೆಯುವ ವ್ಯವಸ್ಥೆ, ನಡೆಸಬಲ್ಲ ಸಿಬ್ಬಂದಿ, ಬಿಡಿಭಾಗ ಮತ್ತು ದುರಸ್ತಿ ಸೌಲಭ್ಯ ಇರಬೇಕು.

3. ಕ್ಷ-ಕಿರಣ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅಲ್ಟ್ರಾಸೌಂಡ್ ಯಂತ್ರವನ್ನು, ಪ್ರಸವಪೂರ್ವ ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿಸಿರದ ಕೇಂದ್ರಕ್ಕೆ ಉಚಿತವಾಗಿಯೂ ಕೊಡುವಂತಿಲ್ಲ.

ಇನ್ನು ತೆರಿಗೆಯ ವಿಚಾರ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ ಹಣದ ರೂಪದ ದೇಣಿಗೆಗೆ ಮಾತ್ರ ರಿಯಾಯಿತಿ ನೀಡುತ್ತಿತ್ತು. ವಸ್ತುರೂಪದ ದಾನಕ್ಕೆ ನೀಡುತ್ತಿರಲಿಲ್ಲ. 2025ರ ಹೊಸ ಕಾಯ್ದೆಯಲ್ಲೂ ಈ ತತ್ತ್ವ ಮುಂದುವರಿದಿದೆ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗೆ ಈ ರಿಯಾಯಿತಿ ದೊರೆಯದು. ಪಾಲುದಾರಿಕೆ ಸಂಸ್ಥೆಗಳಿಗೆ ದೊರೆಯುತ್ತದೆ. ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ, ದಾನವಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ಕಾರ್ಖಾನೆಯಲ್ಲಿ ಬಳಸಿದ ಜನರೇಟರಿಗೆ ಜಮೆ ಪಡೆದಿದ್ದರೆ, ಅದನ್ನು ಪ್ರತಿಫಲವಿಲ್ಲದೆ ಕೊಟ್ಟರೂ ಷೆಡ್ಯೂಲ್ 1ರನ್ವಯ ತೆರಿಗೆಗೊಳಪಡುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಪಾಲುದಾರಿಕೆ ಸಂಸ್ಥೆಯೊಂದು ಶೇ. 50 ರಿಯಾಯಿತಿಗೆ ಅರ್ಹವಾದ ಆಸ್ಪತ್ರೆಗೆ ರೂ. 4,00,000ವನ್ನು ಬ್ಯಾಂಕಿನ ಮೂಲಕ ನೀಡಿ, ಆಸ್ಪತ್ರೆಯೇ ಯಂತ್ರ ಕೊಳ್ಳುತ್ತದೆಂದು ಭಾವಿಸೋಣ. ದೇಣಿಗೆಯು ನಿಗದಿತ ಮಿತಿಯೊಳಗಿದ್ದರೆ (ಹೊಂದಿಸಿದ ಒಟ್ಟು ಆದಾಯದ ಶೇ. 10) ರೂ. 2,00,000 ಕಳೆಯಲು ಅವಕಾಶವಿದೆ. ಸರ್‌ಚಾರ್ಜ್ ಇಲ್ಲದೆ, ಸೆಸ್ ಸೇರಿ ಶೇ. 31.2ರ ದರದಲ್ಲಿ ಉಳಿಯುವ ತೆರಿಗೆ ರೂ. 62,400. ಅದೇ ಯಂತ್ರವನ್ನು ಸಂಸ್ಥೆಯೇ ಕೊಂಡು ಕೊಟ್ಟರೆ ಉಳಿತಾಯ ಶೂನ್ಯ. ನಿರ್ವಹಣೆಗೆ ವರ್ಷಕ್ಕೆ ಬೆಲೆಯ ಶೇ. 5ರಂತೆ ರೂ. 20,000 ಬೇಕೆಂದಿಟ್ಟುಕೊಂಡರೆ, ಉಳಿದ ಹಣವು ಮೂರು ವರ್ಷಗಳ ನಿರ್ವಹಣೆಗೆ ಸಾಕಾಗುತ್ತದೆ. ಅದನ್ನೂ ದೇಣಿಗೆಯಾಗಿ ಕೊಡುವುದು ವಿವೇಕ.

ಆದುದರಿಂದ ಒಪ್ಪಂದಪತ್ರದಲ್ಲಿ ಯಂತ್ರದ ಬೆಲೆ, ಅಳವಡಿಕೆ, ತರಬೇತಿ ಮತ್ತು ನಿರ್ವಹಣೆಯ ವೆಚ್ಚಗಳನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ರಾತ್ರಿ ಬಂದ ರೋಗಿಗೆ ಬೇಕಾದುದು ದಾನಿಯ ಹೆಸರಿನ ಫಲಕವಲ್ಲ, ಚಾಲೂ ಇರುವ ಯಂತ್ರ.