ಮೇಜಿನ ಮೇಲೆ ಬ್ರೇಕ್ ಪರೀಕ್ಷೆ

ಪ್ರಶ್ನೆ: ಹೊಸ ಕಾರುಗಳ ಎಬಿಎಸ್ ಬ್ರೇಕನ್ನು ಈಗ ಕಂಪ್ಯೂಟರಿನಲ್ಲೇ ಪರೀಕ್ಷಿಸುತ್ತಾರಂತೆ. ರಸ್ತೆಗಿಳಿಸದೆ ಮಾಡಿದ ಪರೀಕ್ಷೆಯನ್ನು ನಂಬುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಅಲ್ಲಿ ಯಾವುದು ನಿಜ, ಯಾವುದು ಲೆಕ್ಕ ಎಂದು ನೋಡೋಣ. ಎಬಿಎಸ್ ನಡೆಸುವ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ (ಇಸಿಯು), ಅಂದರೆ ನಾಳೆ ಕಾರಿನೊಳಗೆ ಕೂರುವ ಅದೇ ಪೆಟ್ಟಿಗೆ, ಮೇಜಿನ ಮೇಲಿರುತ್ತದೆ. ಎಷ್ಟೋ ಕಡೆ ಬ್ರೇಕಿನ ವಾಲ್ವುಗಳನ್ನೂ ನಿಜವಾದವನ್ನೇ ಜೋಡಿಸುತ್ತಾರೆ. ಕಾರು, ಟಯರು, ರಸ್ತೆ ಮಾತ್ರ ಲೆಕ್ಕ. ಚಕ್ರದ ಸೆನ್ಸರ್ ಕಳಿಸಬೇಕಾದ ವಿದ್ಯುತ್ ಸಂಕೇತವನ್ನು ಈ ಲೆಕ್ಕ ನಡೆಸುವ ಕಂಪ್ಯೂಟರ್, ಅಂದರೆ ಸಿಮ್ಯುಲೇಟರೇ, ತಯಾರಿಸಿ ಕೊಡುತ್ತದೆ. ಚಕ್ರ ಲಾಕ್ ಆಗುತ್ತಿದೆಯೆಂದು ಇಸಿಯು ಬ್ರೇಕಿನ ಒತ್ತಡ ಇಳಿಸಿದರೆ, ಅದರಿಂದ ಚಕ್ರ ಎಷ್ಟು ಚೇತರಿಸಿಕೊಂಡೀತು ಎಂದು ಸಿಮ್ಯುಲೇಟರ್ ಲೆಕ್ಕ ಹಾಕಿ ಹೊಸ ಸಂಕೇತ ಕಳಿಸುತ್ತದೆ. ಎಂಜಿನಿಯರುಗಳ ಬಾಯಲ್ಲಿ ಇದು ‘ಹಿಲ್ (ಹಾರ್ಡ್‌ವೇರ್-ಇನ್-ದ-ಲೂಪ್) ಬೆಂಚ್’. ಬೆಂಗಳೂರಿನ ವಾಹನ ಎಂಜಿನಿಯರಿಂಗ್ ಕೇಂದ್ರಗಳಲ್ಲಿ ಇದು ದಿನನಿತ್ಯದ ಕೆಲಸ.

ಈ ಲೆಕ್ಕಕ್ಕೆ ಗಡುವಿದೆ. ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಸಿದ್ಧವಿರಬೇಕು. ಗಂಟೆಗೆ 100 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಸುಮಾರು 2.8 ಸೆಂ.ಮೀ. ಸಾಗಿರುತ್ತದೆ. ಸಾವಿರ ಸಲ ಬೇಗ ಮುಗಿಸಿ ಒಮ್ಮೆ ತಡಮಾಡಿದರೂ ಆ ಪರೀಕ್ಷೆ ಕೆಟ್ಟಂತೆ. ವಿದ್ಯುತ್ ಕಾರಿನ ಮೋಟರಿಗೆ ಕರೆಂಟು ಹೊಂದಿಸಿ ಕೊಡುವ ಇನ್ವರ್ಟರಿಗಾದರೆ ಮಿಲಿಸೆಕೆಂಡೂ ದೀರ್ಘಕಾಲ; ಅಲ್ಲಿ ಮೈಕ್ರೊಸೆಕೆಂಡಿನ ಲೆಕ್ಕ, ಅದಕ್ಕೆ ಎಫ್‌ಪಿಜಿಎ ಎಂಬ ವೇಗದ ಚಿಪ್ಪುಗಳು.

ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ಉಪಕಾರ ಅಪಾಯದ ಗಳಿಗೆಗಳಲ್ಲಿ. ಎಡಚಕ್ರಗಳು ಮಂಜುಗಡ್ಡೆಯ ಮೇಲೆ, ಬಲಚಕ್ರಗಳು ಒಣ ಡಾಂಬರಿನ ಮೇಲೆ. ಚಾಲಕ ಬ್ರೇಕ್ ತುಳಿದಿದ್ದಾನೆ. ಅದೇ ಹೊತ್ತಿಗೆ ಸೆನ್ಸರಿನ ತಂತಿ ತುಂಡಾಯಿತು. ಇದನ್ನು ಟ್ರ್ಯಾಕಿನಲ್ಲಿ ಮಾಡಿಸುವುದೆಂದರೆ ಮನುಷ್ಯನ ಜೀವವನ್ನು ಪಣಕ್ಕಿಟ್ಟಂತೆ. ಬೆಂಚಿನಲ್ಲಿ ರಾತ್ರಿಯಿಡೀ ಬಗೆಬಗೆಯಾಗಿ ತಂತಿ ಕಡಿಯಬಹುದು, ಸಾಫ್ಟ್‌ವೇರ್ ತಿದ್ದಿ ಅದೇ ಗಳಿಗೆಯನ್ನು ಚಾಚೂ ತಪ್ಪದೆ ಮತ್ತೆ ತರಬಹುದು.

ಆದರೂ ನಿಮ್ಮ ಅನುಮಾನಕ್ಕೆ ಆಧಾರವಿದೆ, ಮತ್ತು ಅದು ಇರುವುದು ಟಯರಿನಲ್ಲಿ. ಪ್ರತಿ ಟಯರು ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟೇ. ಕಾರಿನ ಹಿಡಿತವೆಲ್ಲ ಅಲ್ಲೇ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೇಕ ಅವರ ಹೆಸರಿನ ‘ಮ್ಯಾಜಿಕ್ ಫಾರ್ಮುಲಾ’ ಈ ಹಿಡಿತದ ಲೆಕ್ಕಕ್ಕೆ ಬಹಳ ಬಳಕೆಯಲ್ಲಿದೆ. ಅದು ಅಳತೆಗಳಿಗೆ ಹೊಂದಿಸಿದ ಸೂತ್ರ. ಟಯರನ್ನು ಯಾವ ನೆಲದ ಮೇಲೆ ಅಳೆದಿದ್ದಾರೋ ಅದಕ್ಕೆ ಮಾತ್ರ ಭರವಸೆ. ಜಲ್ಲಿ ಚೆದುರಿದ ತಿರುವು, ಮೊದಲ ಮಳೆಗೆ ನೆನೆದ ಮಣ್ಣು, ಇವನ್ನು ಅಳೆಯದೆ ಬರೆದ ಅಂಕಿ ಬರೀ ಊಹೆ.

ಹಾಗಾಗಿಯೇ ಕಾರಿನ ಸ್ಥಿರತೆ ಕಾಯುವ ಇಎಸ್‌ಸಿ ವ್ಯವಸ್ಥೆಗೆ ವಿಶ್ವಸಂಸ್ಥೆಯ ವಾಹನ ನಿಯಮಗಳು ಸಿಮ್ಯುಲೇಶನ್ನನ್ನು ಷರತ್ತಿನ ಮೇಲೆ ಒಪ್ಪುತ್ತವೆ. ಒಂದೇ ಮಾದರಿಯ ಇತರ ರೂಪಗಳನ್ನು ಲೆಕ್ಕದಲ್ಲಿ ತೋರಿಸಬಹುದು. ಆದರೆ ಆ ಲೆಕ್ಕ ನಿಜವಾದ ಕಾರಿನ ಓಟಕ್ಕೆ ತಾಳೆಯಾಗುತ್ತದೆಂದು ಮೊದಲು ಸಾಬೀತು ಮಾಡಬೇಕು.